ಮೊದಲ ಚಕ್ರವರ್ತಿಯ ವಂಶ 15 ವರ್ಷಕ್ಕೇ ಮುಗಿದದ್ದು ಹೇಗೆ?

ಪ್ರಶ್ನೆ: ಮೊನ್ನೆ ಮಗಳ ಜೊತೆ ಕೂತು ಚೀನಾದ ಮಣ್ಣಿನ ಸೈನಿಕರ ವಿಡಿಯೋ ನೋಡುತ್ತಿದ್ದೆ. ಸಾವಿರಾರು ಬೊಂಬೆ ಮಾಡಿಸಿಕೊಂಡ ಆ ಮೊದಲ ಚಕ್ರವರ್ತಿಯ ವಂಶ ಬರೀ 15 ವರ್ಷ ಬಾಳಿತಂತೆ. ಅದರ ಬೆನ್ನಿಗೇ ಬಂದ ಹಾನ್ ವಂಶ 400 ವರ್ಷ ಆಳಿತಂತೆ. "ಅವನು ಕ್ರೂರಿ, ಅದಕ್ಕೇ ವಂಶ ಹಾಳಾಯಿತು" ಎಂದು ಎಲ್ಲ ಕಡೆ ಬರೆದಿರುತ್ತದೆ. ಅಷ್ಟೇನಾ? ಮಗಳದ್ದೂ ಒಂದು ಪ್ರಶ್ನೆ ಇದೆ: ನೆಲದಿಂದ ತೆಗೆದಾಗ ಆ ಬೊಂಬೆಗಳೆಲ್ಲ ಯಾಕೆ ಒಡೆದಿದ್ದವು?

ಉತ್ತರ: ಅಷ್ಟೇ ಅಲ್ಲ. ಅವನು ಕ್ರೂರಿ ಅನ್ನುವುದು ಸುಳ್ಳಲ್ಲ. ಆದರೆ ಕ್ರೂರಿ ಆದ ಮಾತ್ರಕ್ಕೆ ವಂಶ ಮುಗಿಯುವ ಹಾಗಿದ್ದರೆ, ಚೀನಾದಲ್ಲಿ ಎಷ್ಟೋ ವಂಶಗಳು 15 ವರ್ಷ ದಾಟುತ್ತಿರಲಿಲ್ಲ. ನಾನು ನೋಡುವ ರೀತಿ ಸ್ವಲ್ಪ ಬೇರೆ. ಬಿದ್ದದ್ದು ಮನೆತನ ಮಾತ್ರ. ಅವನು ಕಟ್ಟಿದ ಕಚೇರಿ ಬೀಳಲಿಲ್ಲ. ಹಾನ್ ವಂಶದವರು ಬಂದು ಅದೇ ಕಚೇರಿಯಲ್ಲಿ, ಅದೇ ಕಡತ ಇಟ್ಟುಕೊಂಡು ಕೂತರು. ಹಗ್ಗ ಮಾತ್ರ ಸ್ವಲ್ಪ ಸಡಿಲ ಬಿಟ್ಟರು.

ಮೊದಲು ಹಿನ್ನೆಲೆ. ಕ್ರಿ.ಪೂ. 3ನೇ ಶತಮಾನದಲ್ಲಿ ಈಗಿನ ಚೀನಾದ ನೆಲದಲ್ಲಿ ಏಳು ದೊಡ್ಡ ರಾಜ್ಯಗಳಿದ್ದವು. ತೀರಾ ಪಶ್ಚಿಮದ್ದು ಚಿನ್. ಉಳಿದವರ ಕಣ್ಣಿಗೆ ಅದು ಅರೆ ಕಾಡು ಸೀಮೆ. ಕ್ರಿ.ಪೂ. 246ರಲ್ಲಿ 13 ವರ್ಷದ ಹುಡುಗನೊಬ್ಬ ಅಲ್ಲಿ ಪಟ್ಟಕ್ಕೆ ಬಂದ. ಹೆಸರು ಯಿಂಗ್ ಝೆಂಗ್. ಅಪ್ಪ ಶತ್ರು ರಾಜ್ಯದಲ್ಲಿ ಒತ್ತೆಯಾಳಾಗಿದ್ದಾಗ ಅಲ್ಲೇ ಹುಟ್ಟಿದವನು. ದೊಡ್ಡವನಾದ ಮೇಲೆ ಕ್ರಿ.ಪೂ. 230ರಿಂದ 221ರೊಳಗೆ ಉಳಿದ ಆರೂ ರಾಜ್ಯಗಳನ್ನು ಒಂದೊಂದಾಗಿ ನುಂಗಿದ. ರಾಜ ಅನ್ನುವ ಪದವಿ ಸಣ್ಣದಾಯಿತು ಅನ್ನಿಸಿತು. 'ಹುವಾಂಗ್‌ದಿ' ಅಂತ ಹೊಸ ಬಿರುದು ಕಟ್ಟಿಕೊಂಡ. ನಾವು ಚಕ್ರವರ್ತಿ ಅನ್ನುವುದು ಅದನ್ನೇ. ಮುಂದೆ 1912ರವರೆಗೆ ಅಲ್ಲಿ ಪಟ್ಟಕ್ಕೆ ಬಂದವರೆಲ್ಲ ಅದೇ ಬಿರುದು ಇಟ್ಟುಕೊಂಡರು. ನಾನು ಮೊದಲನೆಯವನು, ಮಗ ಎರಡನೆಯವನು, ಹೀಗೆ ಹತ್ತು ಸಾವಿರ ತಲೆಮಾರಿನವರೆಗೆ ಎಣಿಸುತ್ತ ಹೋಗಿ ಎಂದು ಆಜ್ಞೆ ಬೇರೆ ಹೊರಡಿಸಿದ. ಎಣಿಕೆ ಎರಡಕ್ಕೇ ನಿಂತಿತು. ಮೂರನೆಯವನು ಬರುವ ಹೊತ್ತಿಗೆ ಚಕ್ರವರ್ತಿ ಅಂತ ಹೇಳಿಕೊಳ್ಳಲು ಸಾಮ್ರಾಜ್ಯವೇ ಉಳಿದಿರಲಿಲ್ಲ. ಸುಮ್ನೆ 'ರಾಜ' ಅಂತ ಕರೆಸಿಕೊಂಡ.

ಆರು ರಾಜ್ಯಗಳನ್ನು ಗೆದ್ದದ್ದು ಅವನೊಬ್ಬನ ಕೈಚಳಕ ಅಲ್ಲ. ಅದಕ್ಕೂ 130 ವರ್ಷ ಹಿಂದೆ, ಕ್ರಿ.ಪೂ. 356ರ ಸುಮಾರಿಗೆ, ಶಾಂಗ್ ಯಾಂಗ್ ಅನ್ನುವ ಮಂತ್ರಿ ಚಿನ್ ರಾಜ್ಯವನ್ನು ಬೇರಿಂದ ಬದಲಿಸಿದ್ದ. ಯಾವ ಮನೆಯಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ಪದವಿ ಇಲ್ಲ. ಯುದ್ಧದಲ್ಲಿ ಶತ್ರುವಿನ ತಲೆ ತಂದರೆ ಒಂದು ಮೆಟ್ಟಿಲು ಮೇಲೆ. ಮುಂದೆ ಇಂಥ ಮೆಟ್ಟಿಲು 20 ಆದವು. ಪದವಿ ಜೊತೆ ಹೊಲ, ಮನೆ. ಪ್ರತಿ ಮನೆಯ ಲೆಕ್ಕ ಸರ್ಕಾರದ ಹತ್ತಿರ. ಐದೈದು ಮನೆಗಳ ಗುಂಪು. ಒಬ್ಬ ತಪ್ಪು ಮಾಡಿದರೆ ಪಕ್ಕದ ಮನೆಯವನೂ ಉತ್ತರ ಹೇಳಬೇಕು. ಬಡ ರೈತನ ಮಗನಿಗೆ ಇದು ಭಯವೂ ಹೌದು, ಮೇಲೆ ಬರುವ ದಾರಿಯೂ ಹೌದು. ಈ ಎರಡನೆಯದನ್ನು ಜನ ಮರೆತುಬಿಡುತ್ತಾರೆ.

ಈ ಯಂತ್ರ ಒಳಗಿನಿಂದ ಹೇಗಿತ್ತು ಅಂತ ನಮಗೆ ಗೊತ್ತಾದದ್ದು ಒಬ್ಬ ಗುಮಾಸ್ತನಿಂದ. 1975ರ ಕೊನೆಯಲ್ಲಿ ಹುಬೇ ಪ್ರಾಂತ್ಯದ ಶ್ವೇಹುದಿ ಅನ್ನುವ ಕಡೆ ಕಾಲುವೆ ತೋಡುವಾಗ ಹಳೆಯ ಗೋರಿಗಳು ಸಿಕ್ಕವು. ಒಂದರಲ್ಲಿ ಮಲಗಿದ್ದವನು ಶಿ ಅನ್ನುವ ಸಣ್ಣ ಅಧಿಕಾರಿ. ಸತ್ತದ್ದು ಕ್ರಿ.ಪೂ. 217ರಲ್ಲಿ, ನಲವತ್ತು ದಾಟಿದ ವಯಸ್ಸು. ಚಿನ್ನವಿಲ್ಲ, ರತ್ನವಿಲ್ಲ. ತಲೆಯ ಹತ್ತಿರ, ಹೊಟ್ಟೆಯ ಮೇಲೆ, ಕಾಲ ಬುಡದಲ್ಲಿ ಬಿದಿರಿನ ಪಟ್ಟಿಗಳು. ಸಾವಿರಕ್ಕೂ ಜಾಸ್ತಿ. ಜೀವಮಾನವಿಡೀ ಬಳಸಿದ ಕಾನೂನಿನ ಪಟ್ಟಿಗಳನ್ನೇ ಅವನ ಜೊತೆ ಹೂತಿದ್ದರು.

ಆ ಪಟ್ಟಿಗಳಲ್ಲಿ ಏನಿದೆ ನೋಡಿ. ಬೆಳೆಗೆ ಹದವಾದ ಮಳೆ ಬಿದ್ದರೆ, ಎಷ್ಟು ಹೊಲಕ್ಕೆ ಅನುಕೂಲವಾಯಿತು ಅಂತ ಕೂಡಲೇ ಬರೆದು ಮೇಲಕ್ಕೆ ಕಳಿಸಬೇಕು. ಬಾಯಿಮಾತು ನಡೆಯುವುದಿಲ್ಲ, ಬರಹದಲ್ಲೇ ಬೇಕು. ಸರ್ಕಾರಿ ಎತ್ತುಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಬೇಕು. ಚೆನ್ನಾಗಿ ಸಾಕಿದ ಕಡೆಯ ಹೊಲದ ಅಧಿಕಾರಿಗೆ ಒಂದು ಹೂಜಿ ಮದ್ಯ, ಒಂದು ಕಟ್ಟು ಒಣ ಮಾಂಸ ಬಹುಮಾನ. ಉಳುಮೆಗೆ ಹೋದ ಎತ್ತಿನ ಸುತ್ತಳತೆ ಇಳಿದರೆ, ಇಳಿದ ಒಂದೊಂದು ಅಂಗುಲಕ್ಕೂ ನೋಡಿಕೊಳ್ಳುವವನಿಗೆ ಹತ್ತು ಏಟು. ನಗು ಬರುತ್ತದೆ, ಅಲ್ವಾ? ಆದರೆ ಯೋಚಿಸಿ. 2,200 ವರ್ಷದ ಹಿಂದೆ ಒಂದು ಸರ್ಕಾರಕ್ಕೆ ತನ್ನ ಒಂದೊಂದು ಎತ್ತು ಬಡವಾದದ್ದೂ ಗೊತ್ತಾಗುತ್ತಿತ್ತು. ನಮ್ಮ ತಾಲ್ಲೂಕು ಕಚೇರಿಯ ಮಳೆ ಲೆಕ್ಕದ ಪುಸ್ತಕ ನೋಡಿದಾಗೆಲ್ಲ ನನಗೆ ಶಿ ನೆನಪಾಗುತ್ತಾನೆ.

ಅದೇ ಜಾಗದ ಇನ್ನೊಂದು ಗೋರಿಯಲ್ಲಿ ಎರಡು ಮರದ ಹಲಗೆ ಸಿಕ್ಕವು. ಚಿನ್ ಸೈನ್ಯದಲ್ಲಿದ್ದ ಹೇಫು ಮತ್ತು ಜಿಂಗ್ ಅನ್ನುವ ಅಣ್ಣತಮ್ಮಂದಿರು ಊರಿನಲ್ಲಿದ್ದ ಇನ್ನೊಬ್ಬ ಸಹೋದರನಿಗೆ ಬರೆದ ಕಾಗದಗಳು. ಕ್ರಿ.ಪೂ. 223ರ ಸುಮಾರಿನವು. ಚೀನಾದಲ್ಲಿ ಸಿಕ್ಕಿರುವ ಅತಿ ಹಳೆಯ ಮನೆ ಕಾಗದಗಳು ಇವೇ. ಅಮ್ಮ ಹೇಗಿದ್ದಾಳೆ ಅಂತ ಕೇಳುತ್ತಾರೆ. ಹೇಫು ಬೇಸಿಗೆ ಬಟ್ಟೆ ಕೇಳುತ್ತಾನೆ. ಊರಲ್ಲಿ ಬಟ್ಟೆ ಅಗ್ಗವಿದ್ದರೆ ಅಮ್ಮನ ಕೈಲಿ ಹೊಲಿಸಿ ಕಳಿಸು, ತುಟ್ಟಿ ಆದರೆ ದುಡ್ಡೇ ಕಳಿಸು, ಇಲ್ಲೇ ತಗೋತೀನಿ ಅಂತ ಲೆಕ್ಕ ಹೇಳುತ್ತಾನೆ. ಕೋಟೆಗೆ ಮುತ್ತಿಗೆ ಹಾಕಿ ಬಹಳ ದಿನವಾಯಿತು, ಗಾಯ ಆಗುತ್ತದೋ ಏನೋ ಅನ್ನುತ್ತಾನೆ. ಜಿಂಗ್ ಕಡೆಯಿಂದ ಬಂದದ್ದು ಇನ್ನೂ ಗಾಬರಿಯ ಕಾಗದ. ಐದಾರು ನೂರು ನಾಣ್ಯ ಬೇಕು, ಇನ್ನೊಬ್ಬನ ಹತ್ತಿರ ಸಾಲ ಮಾಡಿದ್ದೇನೆ, ಕಳಿಸದಿದ್ದರೆ ಸತ್ತೇ ಹೋಗುತ್ತೇನೆ, ಬೇಗ, ಬೇಗ, ಬೇಗ! ಜಗತ್ತು ಗೆದ್ದ ಸೈನ್ಯ ಅನ್ನುತ್ತೇವಲ್ಲ, ಅದರ ಸೈನಿಕನಿಗೆ ಮೈಮೇಲಿನ ಬಟ್ಟೆ ಅಮ್ಮ ಕಳಿಸಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಈ ಯಂತ್ರ ಕಟ್ಟಿದ್ದು ಯುದ್ಧಕ್ಕೆ. ಕ್ರಿ.ಪೂ. 221ರಲ್ಲಿ ಯುದ್ಧ ಮುಗಿಯಿತು. ತರಲು ತಲೆಯಿಲ್ಲ, ಹಂಚಲು ಶತ್ರುವಿನ ಹೊಲವಿಲ್ಲ. ಆಗಲಾದರೂ ಯಂತ್ರವನ್ನು ನಿಧಾನ ಮಾಡಬೇಕಿತ್ತು. ಅವನು ಮಾಡಲಿಲ್ಲ. ಇನ್ನೂ ಜೋರಾಗಿ ಓಡಿಸಿದ. ಇಡೀ ದೇಶವನ್ನು 36 ಜಿಲ್ಲೆ ಮಾಡಿ ತನ್ನ ನೌಕರರನ್ನು ಕೂರಿಸಿದ. ತೂಕ, ಅಳತೆ, ಲಿಪಿ, ನಾಣ್ಯ, ಕೊನೆಗೆ ಗಾಡಿಯ ಎರಡು ಚಕ್ರದ ನಡುವಿನ ಅಂತರವೂ ಒಂದೇ ಇರಬೇಕು ಎಂದ. ಇವೆಲ್ಲ ಒಳ್ಳೆಯ ಕೆಲಸಗಳೇ. ಮಧ್ಯದಲ್ಲಿ ಚೌಕ ತೂತಿರುವ ದುಂಡು ನಾಣ್ಯ ಅವನಿಂದ ಎಲ್ಲ ಕಡೆ ಹರಡಿ, 20ನೇ ಶತಮಾನದ ಹೊಸ್ತಿಲವರೆಗೂ ನಡೆಯಿತು. (ಹಾನ್ ಕಾಲದ್ದೆಂದು ಗುರುತಿಸಿದ ಚೀನೀ ನಾಣ್ಯವೊಂದು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ.) ತೊಂದರೆ ಆದದ್ದು ಕಾಮಗಾರಿಗಳಿಂದ. ಉತ್ತರದಲ್ಲಿ ಸೇನಾಪತಿ ಮೆಂಗ್ ತಿಯೆನ್ ಕೈಕೆಳಗೆ ಮೂರು ಲಕ್ಷ ಜನ, ಗೋಡೆ ಕಟ್ಟಲು, ಗಡಿ ಕಾಯಲು. ಗಡಿಗೆ ಹೋಗಲು ಸುಮಾರು 700 ಕಿಲೋಮೀಟರ್ ಉದ್ದದ ನೇರ ರಸ್ತೆ. ದಕ್ಷಿಣದ ದಂಡಯಾತ್ರೆಗೆ ಅಕ್ಕಿ ಸಾಗಿಸಲು ಎರಡು ನದಿ ಜೋಡಿಸುವ ಕಾಲುವೆ. ಅರಮನೆ, ಗೋರಿ. ಅರಮನೆಗೂ ಗೋರಿಗೂ ಸೇರಿ ಏಳು ಲಕ್ಷ ಜನ ದುಡಿದರು ಎಂದು ಹಾನ್ ಕಾಲದ ಚರಿತ್ರೆಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಸಂಖ್ಯೆ ಉಬ್ಬಿಸಿದ್ದೇ ಇರಲಿ, ಅರ್ಧ ಮಾಡಿದರೂ ಹೊರೆ ಕಡಿಮೆಯೇನಲ್ಲ. ಎಲ್ಲವೂ ಬಿಟ್ಟಿ ಚಾಕರಿ, ಎಲ್ಲವೂ 11 ವರ್ಷದೊಳಗೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ಚಿನ್ ಸೀಮೆಯವರು ಈ ಯಂತ್ರದ ಹೊರೆಯನ್ನೂ ಹೊತ್ತಿದ್ದರು, ಫಲವನ್ನೂ ಉಂಡಿದ್ದರು. ಸೋತ ಆರು ರಾಜ್ಯದವರಿಗೆ ಸಿಕ್ಕಿದ್ದು ಹೊರೆ ಮಾತ್ರ. ಅವರ ಅಜ್ಜಂದಿರು ಚಿನ್ ಸೈನ್ಯದ ಕೈಲಿ ಸತ್ತವರು. ದಕ್ಷಿಣದ ಚು ರಾಜ್ಯದಲ್ಲಿ ಒಂದು ಮಾತೇ ಓಡಾಡುತ್ತಿತ್ತು: ಚು ರಾಜ್ಯದಲ್ಲಿ ಮೂರೇ ಮನೆ ಉಳಿದರೂ ಚಿನ್ ಮುಳುಗುವುದು ನಮ್ಮಿಂದಲೇ. ಮುಂದೆ ದಂಗೆ ಎದ್ದ ದೊಡ್ಡ ಹೆಸರುಗಳೆಲ್ಲ ಹೆಚ್ಚುಕಡಿಮೆ ಆ ಕಡೆಯವೇ. ಚಿನ್ ತವರು ಸೀಮೆ ಮಾತ್ರ ಕೊನೆಯವರೆಗೂ ದಂಗೆ ಏಳಲಿಲ್ಲ. ಬರೀ ಕ್ರೌರ್ಯವೇ ಕಾರಣವಾಗಿದ್ದರೆ, ಆ ಕಾನೂನಿನಡಿ ಎಲ್ಲರಿಗಿಂತ ಜಾಸ್ತಿ ಕಾಲ ಬದುಕಿದ ಅವರೇ ಮೊದಲು ಏಳಬೇಕಿತ್ತು.

ಆದರೂ ಇಷ್ಟಕ್ಕೇ ವಂಶ ಬೀಳುತ್ತಿರಲಿಲ್ಲವೇನೋ. ಬೀಳಿಸಿದ್ದು ಉತ್ತರಾಧಿಕಾರದ ಗೊಂದಲ. ಚಕ್ರವರ್ತಿಗೆ ಸಾವಿನ ಮಾತೇ ಆಗುತ್ತಿರಲಿಲ್ಲ. ಅಮೃತದ ಗುಳಿಗೆ ಹುಡುಕಿಸುತ್ತಿದ್ದ. ಯುವರಾಜ ಯಾರು ಅಂತ ಹೇಳಿರಲೇ ಇಲ್ಲ. ಕ್ರಿ.ಪೂ. 210ರ ಬೇಸಿಗೆಯಲ್ಲಿ ಪೂರ್ವದ ಪ್ರವಾಸದಿಂದ ಮರಳುವಾಗ ದಾರಿಯಲ್ಲೇ ಸತ್ತ. ಜೊತೆಯಲ್ಲಿದ್ದ ಮಂತ್ರಿ ಲಿ ಸಿ, ನಪುಂಸಕ ಅಧಿಕಾರಿ ಝಾವೋ ಗಾವೋ, ಕಿರಿಯ ಮಗ ಹುಹಾಯ್ ಸುದ್ದಿ ಮುಚ್ಚಿಟ್ಟರು. ಹೆಣ ಗಾಡಿಯಲ್ಲೇ. ಹೊತ್ತು ಹೊತ್ತಿಗೆ ಊಟ ಒಳಗೆ ಹೋಗುತ್ತಿತ್ತು, ಕಾಗದಪತ್ರಗಳಿಗೆ ಒಳಗಿನಿಂದಲೇ ಒಪ್ಪಿಗೆ ಬರುತ್ತಿತ್ತು. ಸೆಕೆಗೆ ಹೆಣ ನಾರಲು ಶುರುವಾಯಿತು. ವಾಸನೆ ಗೊತ್ತಾಗದಿರಲೆಂದು ಗಾಡಿಗಳಿಗೆ ಉಪ್ಪು ಮೀನು ಹೇರಿಸಿದರು. ಭೂಮಿಗೇ ಒಡೆಯ ಅನ್ನಿಸಿಕೊಂಡವನ ಮೆರವಣಿಗೆ ಮೀನಿನ ಸಂತೆಯಂತೆ ನಾರುತ್ತ ರಾಜಧಾನಿ ಸೇರಿತು.

ಹಿರಿಯ ಮಗ ಫುಸು ಅಪ್ಪನಿಗೇ ಎದುರು ಹೇಳುವವನು. ಅದಕ್ಕೇ ಉತ್ತರದ ಗಡಿಗೆ ಹೋಗಿದ್ದ. ಅವನಿಗೆ ಅಪ್ಪನ ಹೆಸರಲ್ಲಿ ಸುಳ್ಳು ಆಜ್ಞೆ ಹೋಯಿತು: ಪ್ರಾಣ ಬಿಡು. ಮೆಂಗ್ ತಿಯೆನ್, ಸ್ವಲ್ಪ ತಡಿ, ಇನ್ನೊಮ್ಮೆ ಕೇಳಿ ನೋಡೋಣ ಎಂದ. ಅಪ್ಪ ಸಾಯಿ ಅಂದಮೇಲೆ ಮಗ ಮತ್ತೆ ಕೇಳುವುದೇನಿದೆ ಎಂದು ಫುಸು ಸತ್ತ. ಬರಹದ ಆಜ್ಞೆಯಿಂದಲೇ ನಡೆಯುವ ಸರ್ಕಾರಕ್ಕೆ ಒಂದು ನಕಲಿ ಬರಹ ಸಾಕಾಯಿತು.

ಹುಹಾಯ್ ಎರಡನೇ ಚಕ್ರವರ್ತಿಯಾದ. ಒಡಹುಟ್ಟಿದವರನ್ನೂ ಅಪ್ಪನ ಕಾಲದ ದೊಡ್ಡವರನ್ನೂ ಕೊಲ್ಲಿಸಿದ. ಲಿ ಸಿಯೂ ಉಳಿಯಲಿಲ್ಲ. ಯಂತ್ರ ನಡೆಸಲು ಗೊತ್ತಿದ್ದವರೆಲ್ಲ ಹೋದರು. ಯಂತ್ರ ಮಾತ್ರ ಓಡುತ್ತಿತ್ತು.

ಕ್ರಿ.ಪೂ. 209ರ ಮಳೆಗಾಲ. ಗಡಿ ಕಾಯಲು ಹೊರಟ 900 ಜನರ ತಂಡ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಹೇಳಿದ ದಿನಕ್ಕೆ ತಲುಪಲು ಆಗುವುದಿಲ್ಲ. ತಡವಾದರೆ ತಲೆ ಹೋಗುತ್ತದೆ, ಓಡಿಹೋದರೂ ತಲೆ ಹೋಗುತ್ತದೆ, ಹೇಗಿದ್ದರೂ ಸಾಯುವುದೇ ಆದರೆ ಎದ್ದು ನಿಂತು ಸಾಯೋಣ ಎಂದರು ಚೆನ್ ಶೆಂಗ್ ಮತ್ತು ವೂ ಗ್ವಾಂಗ್. "ರಾಜರು, ದೊರೆಗಳು, ಸೇನಾಪತಿಗಳು ಏನು ಬೇರೆ ಬೀಜದಿಂದ ಹುಟ್ಟಿದವರಾ?" ಅನ್ನುವ ಮಾತು ಅವತ್ತಿನದು. ಸಿಮಾ ಚಿಯೆನ್ ಹೇಳುವ ಕತೆ ಇದು.

ನಮ್ಮ ಗುಮಾಸ್ತ ಶಿಯ ಪಟ್ಟಿಯಲ್ಲಿ ಬೇರೆಯೇ ಇದೆ! ಸರ್ಕಾರಿ ಚಾಕರಿಗೆ ಕರೆದಾಗ ಮೂರರಿಂದ ಐದು ದಿನ ತಡವಾದರೆ ಬೈಗುಳ. ಆರರಿಂದ ಹತ್ತು ದಿನವಾದರೆ ಒಂದು ಗುರಾಣಿಯ ಬೆಲೆ ದಂಡ. ಹತ್ತು ದಾಟಿದರೆ ಒಂದು ಕವಚದ ಬೆಲೆ. ಮಳೆ ಬಂದು ಅಡ್ಡಿಯಾದರೆ ಕರೆಯೇ ರದ್ದು. ಇದು ಚಾಕರಿಗೆ ಬರೆದ ಕಾನೂನು, ಗಡಿ ಸೈನ್ಯಕ್ಕೆ ಬೇರೆ ಕಟ್ಟಳೆ ಇದ್ದಿರಬಹುದು. ಹುಹಾಯ್ ಕಾಲಕ್ಕೆ ಬಿಗಿ ಹೆಚ್ಚಿರಲೂಬಹುದು. ಚೆನ್ ಶೆಂಗ್ ತನ್ನವರನ್ನು ಹೆದರಿಸಲು ಸ್ವಲ್ಪ ಜಾಸ್ತಿಯೇ ಹೇಳಿದ್ದರೂ ಆಶ್ಚರ್ಯವಿಲ್ಲ. ನನಗೆ ಮುಖ್ಯ ಅನ್ನಿಸುವುದು ಇದು: ತಡವಾದರೆ ಸರ್ಕಾರ ಕೊಲ್ಲುತ್ತದೆ ಅಂದಾಗ 900 ಜನರೂ ನಂಬಿದರು.

ಚೆನ್ ಶೆಂಗ್ ಆರು ತಿಂಗಳಿಗೆ ತನ್ನ ಸಾರಥಿಯ ಕೈಲೇ ಸತ್ತ. ಆದರೆ ಬೆಂಕಿ ಹತ್ತಿಯಾಗಿತ್ತು. ಹಳೆಯ ಆರು ರಾಜ್ಯಗಳಲ್ಲಿ ಹಳೆಯ ರಾಜಮನೆತನಗಳ ಹೆಸರು ಹೇಳಿಕೊಂಡು ಜನ ಎದ್ದರು. ಅವರಲ್ಲಿ ಇಬ್ಬರು ದೊಡ್ಡವರಾದರು. ಒಬ್ಬ ಶಿಯಾಂಗ್ ಯೂ, ಚು ಸೇನಾಪತಿಗಳ ಮನೆತನದ ಕುಡಿ, ಯುದ್ಧದಲ್ಲಿ ಸಿಡಿಲು. ಇನ್ನೊಬ್ಬ ಲಿಯು ಬಾಂಗ್. ರೈತರ ಮನೆಯವನು. ಚಿನ್ ಸರ್ಕಾರದಲ್ಲೇ ಹಳ್ಳಿ ಠಾಣೆಯ ಸಣ್ಣ ಕೆಲಸ. ಕುಡುಕ, ಬಾಯಿ ಸರಿಯಿಲ್ಲ, ಪಂಡಿತರನ್ನು ಕಂಡರೆ ಆಗದು. ಚಕ್ರವರ್ತಿಯ ಗೋರಿ ಕೆಲಸಕ್ಕೆ ಕೈದಿಗಳನ್ನು ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ತಲುಪುವ ಹೊತ್ತಿಗೆ ಯಾರೂ ಇರುವುದಿಲ್ಲ ಅಂತ ಗೊತ್ತಾಗಿ, ಉಳಿದವರನ್ನೂ ಬಿಟ್ಟು ತಾನೂ ಗುಡ್ಡಕ್ಕೆ ಓಡಿಹೋದ. ಹಾನ್ ವಂಶದ ಮೂಲಪುರುಷ ಇವನೇ.

ಇಡೀ ಕತೆಯಲ್ಲಿ ನನಗೆ ಬಹಳ ಇಷ್ಟವಾದ ದೃಶ್ಯ ಇಲ್ಲಿದೆ. ಕ್ರಿ.ಪೂ. 206. ಲಿಯು ಬಾಂಗ್ ಸೈನ್ಯ ಚಿನ್ ರಾಜಧಾನಿ ಶಿಯೆನ್‌ಯಾಂಗ್ ಹೊಕ್ಕಿತು. ಸೇನಾ ನಾಯಕರೆಲ್ಲ ಖಜಾನೆಗೆ ನುಗ್ಗಿ ಚಿನ್ನ, ರೇಷ್ಮೆ ಹಂಚಿಕೊಳ್ಳುತ್ತಿದ್ದಾರೆ. ಲಿಯು ಬಾಂಗ್ ಅರಮನೆಯ ಹೆಂಗಸರನ್ನು ನೋಡುತ್ತ ನಿಂತಿದ್ದಾನೆ. ಶಿಯಾವೋ ಹೆ ಅನ್ನುವವನೊಬ್ಬ ಮಾತ್ರ ದಫ್ತರದ ಕಡೆ ಹೋದ. ಅವನೂ ಊರಲ್ಲಿ ಗುಮಾಸ್ತನಾಗಿದ್ದವನೇ. ಕಾನೂನು, ನಕ್ಷೆ, ಮನೆಮನೆಯ ಲೆಕ್ಕದ ಕಡತಗಳನ್ನೆಲ್ಲ ಒಟ್ಟುಮಾಡಿ ಇಟ್ಟುಕೊಂಡ. ಯಾವ ಕೋಟೆ ಎಲ್ಲಿದೆ, ಯಾವ ಸೀಮೆಯಲ್ಲಿ ಎಷ್ಟು ಜನ, ಎಲ್ಲಿ ಬಲ, ಎಲ್ಲಿ ಬಡತನ, ಎಲ್ಲವೂ ಅದರಲ್ಲಿತ್ತು. ಆಮೇಲೆ ಶಿಯಾಂಗ್ ಯೂ ಬಂದು ಶರಣಾಗಿದ್ದ ಚಿನ್ ರಾಜನನ್ನು ಕೊಂದು ಅರಮನೆಗಳಿಗೆ ಬೆಂಕಿ ಇಟ್ಟ. ಬೆಂಕಿ ಮೂರು ತಿಂಗಳು ಆರಲಿಲ್ಲವಂತೆ. ಮುಂದಿನ ನಾಲ್ಕು ವರ್ಷ ಇಬ್ಬರ ನಡುವೆ ಕಾದಾಟ. ಶಿಯಾಂಗ್ ಯೂ ಯುದ್ಧ ಗೆಲ್ಲುತ್ತಲೇ ಇದ್ದ. ಲಿಯು ಬಾಂಗ್ ಸೋಲುತ್ತಲೇ ಇದ್ದ. ಸೋತಾಗೆಲ್ಲ ಹಿಂದಿನಿಂದ ಶಿಯಾವೋ ಹೆ ಹೊಸ ಆಳು, ಹೊಸ ಧಾನ್ಯ ಕಳಿಸುತ್ತಿದ್ದ. ಎಲ್ಲಿಂದ? ಹಳೆಯ ಚಿನ್ ಸೀಮೆಯಿಂದ. ಕ್ರಿ.ಪೂ. 202ರಲ್ಲಿ ಶಿಯಾಂಗ್ ಯೂ ಸತ್ತ, ಲಿಯು ಬಾಂಗ್ ಚಕ್ರವರ್ತಿಯಾದ.

ರಾಜಧಾನಿ ಗೆದ್ದ ಹೊಸದರಲ್ಲಿ ಅವನು ಜನರಿಗೆ ಹೇಳಿದ್ದು ಮೂರೇ ಕಾನೂನು: ಕೊಂದವನಿಗೆ ಸಾವು, ಗಾಯ ಮಾಡಿದವನಿಗೆ ಶಿಕ್ಷೆ, ಕದ್ದವನಿಗೆ ಶಿಕ್ಷೆ. ಉಳಿದ ಚಿನ್ ಕಾನೂನೆಲ್ಲ ರದ್ದು. ಎಷ್ಟು ಚೆಂದ! ಆದರೆ ಮೂರು ಕಾನೂನಿಂದ ದೇಶ ನಡೆಯುತ್ತದೆಯೇ? ಚಕ್ರವರ್ತಿಯಾದ ಮೇಲೆ ಶಿಯಾವೋ ಹೆ ಚಿನ್ ಕಾನೂನನ್ನೇ ಹೊಸದಾಗಿ ಜೋಡಿಸಿಕೊಟ್ಟ. 1980ರ ದಶಕದಲ್ಲಿ ಝಾಂಗ್‌ಜಿಯಾಶಾನ್ ಗೋರಿಯಲ್ಲಿ ಸಿಕ್ಕ ಕ್ರಿ.ಪೂ. 186ರ ಹಾನ್ ಕಾನೂನಿನ ಪಟ್ಟಿಗಳನ್ನು ಶಿಯ ಪಟ್ಟಿಗಳ ಪಕ್ಕ ಇಟ್ಟರೆ ತಂದೆ ಮಗನ ಮುಖ ಕಂಡ ಹಾಗಾಗುತ್ತದೆ. ಚಿನ್ ಹೆಸರು ಕೆಡಿಸಿದ ಪುಸ್ತಕ ಸುಡುವ ಕಾನೂನು ಕ್ರಿ.ಪೂ. 213ರದ್ದು. ಖಾಸಗಿಯಾಗಿ ಪುಸ್ತಕ ಇಟ್ಟುಕೊಳ್ಳಬಾರದು ಅನ್ನುವ ಆ ನಿಷೇಧವನ್ನು ಹಾನ್ ಸರ್ಕಾರ ತೆಗೆದದ್ದು ಕ್ರಿ.ಪೂ. 191ರಲ್ಲಿ. ಅಲ್ಲಿಯವರೆಗೆ ಅದು ಹಾನ್ ಕಾನೂನೂ ಆಗಿತ್ತು.

ಹಾಗಾದರೆ ಹಗ್ಗ ಎಲ್ಲಿ ಸಡಿಲ ಬಿಟ್ಟರು? ಕಂದಾಯದಲ್ಲಿ. ಬೆಳೆಯ ಹದಿನೈದರಲ್ಲಿ ಒಂದು ಪಾಲು ಅಂದರು, ಮುಂದೆ ಮೂವತ್ತರಲ್ಲಿ ಒಂದಕ್ಕೆ ಇಳಿಸಿದರು. ಶಿಕ್ಷೆಯಲ್ಲಿ. ಕ್ರಿ.ಪೂ. 167ರಲ್ಲಿ, ತನ್ನ ಅಪ್ಪನ ಬದಲು ತಾನು ಸರ್ಕಾರದ ದಾಸಿಯಾಗುತ್ತೇನೆ ಎಂದು ತಿಯಿಂಗ್ ಅನ್ನುವ ಹುಡುಗಿ ಅರ್ಜಿ ಕೊಟ್ಟಳು. ವೆನ್ ಚಕ್ರವರ್ತಿ ಮನಸ್ಸು ಕರಗಿ ಮೂಗು, ಕಾಲು ಕತ್ತರಿಸುವ ಶಿಕ್ಷೆ ತೆಗೆದ. ಎಲ್ಲಕ್ಕಿಂತ ಜಾಣತನ ಕಂಡದ್ದು ಪೂರ್ವದ ಸೀಮೆಗಳ ವಿಷಯದಲ್ಲಿ. ಚಿನ್ ಮಾಡಿದ ಹಾಗೆ ಎಲ್ಲ ಕಡೆ ಒಮ್ಮೆಲೇ ತಮ್ಮ ನೌಕರರನ್ನು ಕೂರಿಸಲಿಲ್ಲ. ಪಶ್ಚಿಮವನ್ನು ನೇರ ಕೈಯಲ್ಲಿಟ್ಟುಕೊಂಡು, ಪೂರ್ವದ ದೊಡ್ಡ ಭಾಗವನ್ನು ಸಾಮಂತ ರಾಜರಿಗೆ ಬಿಟ್ಟರು. ಮೊದಲು ಜೊತೆಗಾರರಿಗೆ, ಆಮೇಲೆ ಸ್ವಂತ ತಮ್ಮಂದಿರು, ಮಕ್ಕಳಿಗೆ. ಅದೂ ಅಪಾಯವೇ. ಕ್ರಿ.ಪೂ. 154ರಲ್ಲಿ ಏಳು ಜನ ಸಂಬಂಧಿ ರಾಜರು ಒಟ್ಟಿಗೆ ದಂಗೆ ಎದ್ದರು. ಮೂರು ತಿಂಗಳಲ್ಲಿ ಮುರಿದರು. ಆಮೇಲೆ ಕ್ರಿ.ಪೂ. 127ರಲ್ಲಿ ವೂ ಚಕ್ರವರ್ತಿ ಒಂದು ಔದಾರ್ಯದ ಆಜ್ಞೆ ಹೊರಡಿಸಿದ. ರಾಜ ಸತ್ತರೆ ಹಿರಿಮಗನಿಗೊಬ್ಬನಿಗೇ ಯಾಕೆ? ಉಳಿದ ಮಕ್ಕಳಿಗೂ ನೆಲ ಕೊಡಿ, ಪಾಪ. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಏನಾಗುತ್ತದೆ ಅಂತ ನಮಗೆ ಗೊತ್ತಲ್ಲ. ಎರಡು ಮೂರು ತಲೆಮಾರಿಗೆ ರಾಜ್ಯಗಳು ತುಂಡು ತುಂಡಾಗಿ, ಹೆದರಿಸುವ ಶಕ್ತಿಯೇ ಯಾರಿಗೂ ಉಳಿಯಲಿಲ್ಲ. ಚಿನ್ ಚಕ್ರವರ್ತಿ ಒಂದೇ ವರ್ಷದಲ್ಲಿ ಮಾಡಲು ಹೊರಟಿದ್ದನ್ನು ಹಾನ್‌ನವರು ಮುಗಿಸಿದ್ದು ಹೀಗೆ, ಸುಮಾರು ನೂರು ವರ್ಷ ತಗೊಂಡು.

400 ವರ್ಷ ಅನ್ನುವುದರಲ್ಲೂ ಒಂದು ಸಣ್ಣ ಜಾಣ ಲೆಕ್ಕ ಇದೆ. ಕ್ರಿ.ಶ. 9ರಲ್ಲಿ ವಾಂಗ್ ಮಾಂಗ್ ಅನ್ನುವ ಮಂತ್ರಿ ಸಿಂಹಾಸನ ಕಿತ್ತುಕೊಂಡು ತನ್ನದೇ ವಂಶ ಶುರು ಮಾಡಿದ. 23ರಲ್ಲಿ ಅವನ ತಲೆ ಹೋಯಿತು. 25ರಲ್ಲಿ ಪಟ್ಟಕ್ಕೆ ಬಂದ ಲಿಯು ಶಿಯು ಹಳೆಯ ಮನೆತನದ ದೂರದ ಕವಲಿನವನು. ರಾಜಧಾನಿಯೂ ಚಾಂಗ್‌ಆನ್‌ನಿಂದ ಲುವೊಯಾಂಗ್‌ಗೆ ಹೋಯಿತು. ಆದರೂ 'ನಾವು ಅದೇ ಹಾನ್' ಅಂದ, ಚರಿತ್ರೆಯಲ್ಲೂ ಹಾಗೇ ಉಳಿಯಿತು. 220ರಲ್ಲಿ ಅದೂ ಮುಗಿಯಿತು. ಚಿನ್ ಬಗ್ಗೆ ನಾವು ಓದುವ ಕತೆ ಬರೆದದ್ದೂ ಹಾನ್ ಕಾಲದವರೇ. ಹಿಂದಿನ ಮನೆಯವರು ಕೆಟ್ಟವರಾದಷ್ಟೂ ಮನೆ ಹಿಡಿದವರಿಗೆ ಒಳ್ಳೆಯದು. ಸಿಮಾ ಚಿಯೆನ್ ಹೊಗಳುಭಟ್ಟನಲ್ಲ. ಸೋತ ಸೇನಾಪತಿಯೊಬ್ಬನ ಪರ ಮಾತಾಡಿ ವೂ ಚಕ್ರವರ್ತಿಯಿಂದ ಬೀಜ ಒಡೆಸುವ ಶಿಕ್ಷೆ ಉಂಡವನು. ಆದರೂ ಅವನಿಗೆ ಸಿಕ್ಕ ಕತೆಗಳು ಗೆದ್ದವರ ಮನೆಯಲ್ಲಿ ಬೆಳೆದವು.

ಇನ್ನು ಮಗಳ ಪ್ರಶ್ನೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮೊದಲು ಸಿಕ್ಕಿದ್ದೂ ಚೂರುಗಳೇ. ಆ ಬೊಂಬೆಗಳನ್ನು ನಿಲ್ಲಿಸಿದ್ದು ಮರದ ತೊಲೆಗಳ ಚಾವಣಿ ಕೆಳಗೆ, ಮೇಲೆ ಮಣ್ಣು. ದೊಡ್ಡ ಗುಂಡಿಯಲ್ಲಿ ತೊಲೆ ಸುಟ್ಟ ಗುರುತು ಇದೆ, ಮಣ್ಣು ಬೆಂದು ಕೆಂಪಾಗಿದೆ. ಎಷ್ಟೋ ಆಯುಧಗಳೂ ಕಾಣೆಯಾಗಿವೆ. ಕ್ರಿ.ಪೂ. 206ರಲ್ಲಿ ಶಿಯಾಂಗ್ ಯೂ ಕಡೆಯವರು ಹೊಕ್ಕು ಆಯುಧ ದೋಚಿ ಬೆಂಕಿ ಇಟ್ಟರು ಅನ್ನುವುದು ಹೆಚ್ಚು ಜನ ಒಪ್ಪುವ ಮಾತು. ಸುಟ್ಟ ಚಾವಣಿ ಕುಸಿದು ನಿಂತವರ ಮೇಲೆ ಬಿತ್ತು. ಈಗ ವಿಡಿಯೋದಲ್ಲಿ ಸಾಲಾಗಿ ಕಾಣುವವರನ್ನು ಒಂದೊಂದು ಚೂರೂ ಜೋಡಿಸಿ ನಿಲ್ಲಿಸಿದ್ದಾರೆ. ಮಗಳಿಗೆ ಎರಡು ವಿಷಯ ತೋರಿಸಿ. ಕೆಲವು ಬೊಂಬೆಗಳ ಮೈಮೇಲೆ ಮಾಡಿದ ಕುಂಬಾರನ ಹೆಸರು ಇದೆ. ಹೆಮ್ಮೆಗಲ್ಲ, ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಲು. ಇನ್ನೊಂದು, ಎರಡನೇ ಗುಂಡಿಯಲ್ಲಿ ಮಂಡಿಯೂರಿ ಕೂತ ಬಿಲ್ಲುಗಾರರು. ನಿಂತವರು ಸುಮಾರು 1.8 ಮೀಟರ್, ಇವರು 1.2. ಚಾವಣಿ ಬಿದ್ದಾಗ ಮೊದಲ ಪೆಟ್ಟು ಎತ್ತರದವರಿಗೆ. ಕೂತವರು ಅಷ್ಟಾಗಿ ಒಡೆಯಲಿಲ್ಲ.